ಹಳದಿ ಪ್ಲೇಟಿನ ಅಡಿಬರಹ

ನಂಬರ್ ಪ್ಲೇಟಿನ ಸಹವಾಸ ನಮಗೆ ಬೇಡ ಎಂದು ನಾನು ಮೊದಲೇ ಬಡಿದುಕೊಂಡಿದ್ದೆ. ಬೂಟಿಗೆ ಅಟ್ಟೆ ಹಾಕುವುದು, ಸವೆದ ಹಿಮ್ಮಡಿ ಬದಲಿಸುವುದು, ಬೀಗದ ಕೈಗೆ ನಕಲು ಕೊರೆಯುವುದು, ಹೆಚ್ಚೆಂದರೆ ಕೈಗಡಿಯಾರಕ್ಕೆ ಸೆಲ್ ಹಾಕಿಕೊಡುವುದು. ನನ್ನ ಮಾವ ಕಲ್ಲಿದ್ದಲ ಗಣಿ ಬಿಟ್ಟ ಮೇಲೆ ತೆರೆದ ಅಂಗಡಿ ಇಷ್ಟರಲ್ಲೇ ನಡೆದುಕೊಂಡು ಬಂದಿತ್ತು. ಆದರೆ ನನ್ನ ಗಂಡ ಇಡ್ವಾಲ್ ಕೇಳಬೇಕಲ್ಲ. ಈಗ ಯಾರ ಕಾಲಲ್ಲಿ ನೋಡಿದರೂ ರಬ್ಬರಿನ ಬೂಟು, ಹರಿದರೆ ಬಿಸಾಡುತ್ತಾರೆ, ಅಟ್ಟೆ ಹಾಕಿಸುತ್ತಿದ್ದವರೆಲ್ಲ ಚಾಪೆಲ್ ಎಂಬ ನಮ್ಮ ಪ್ರಾರ್ಥನಾ ಮಂದಿರದ ಹಿಂದೆ ಮಣ್ಣಲ್ಲಿ ಮಲಗಿದ್ದಾರೆ ಎಂದು ಅವನ ವಾದ.

"ಕಾರು ಮಾತ್ರ ಎಲ್ಲರ ಹತ್ರಾನೂ ಇದೆ ನೆಸ್ಟಾ. ಒಂದಲ್ಲ ಒಂದಿನ ಹೋಗಿ ಗೋಡೆಗೆ ಗುದ್ದೇ ಗುದ್ತಾರೆ," ಎಂದ.

"ಯಾರು ಗುದ್ದುತ್ತಾರೆ ಅಂತ ಕಾಯ್ಕೊಂಡು ಕೂತ್ಕೊಳ್ಳೋದಾ? ಬೇಲಿ ಮೇಲೆ ಹೋಗೋ ಓತಿಕ್ಯಾತನ್ನ ಹಿಡಿದು ಕಿವೀಲಿ ಬಿಟ್ಕೊಳ್ಳೋ ಕೆಲ್ಸ ಇದು," ಎಂದೆ.

ಅವನು ತಲೆಯಾಡಿಸಿದ. ನಲವತ್ತು ವರ್ಷದಿಂದ ಹಾಗೇ, ನನ್ನ ಮಾತಿಗೆ ತಲೆಯಾಡಿಸುವುದು, ತನಗೆ ತೋಚಿದ್ದು ಮಾಡುವುದು. ಸ್ವಾನ್ಸಿಯ ವಾಹನ ನೋಂದಣಿ ಕಚೇರಿಯಿಂದ ಪರವಾನಗಿ ತರಿಸಿದ, ಯಂತ್ರ ತರಿಸಿದ. ಕೆಲಸವೇನೋ ಕಷ್ಟದ್ದಲ್ಲ. ತೆಳು ಹಾಳೆಯ ಮೇಲೆ ಕಪ್ಪು ಅಕ್ಷರ ಮುದ್ರಿಸಿ, ಗಟ್ಟಿ ಪ್ಲಾಸ್ಟಿಕ್ಕಿಗೆ ಅಂಟಿಸಿ, ಉರುಳೆಯಲ್ಲಿ ಒತ್ತಿದರೆ ಮುಗಿಯಿತು. ಕಾರಿನ ಮುಂದಕ್ಕೆ ಬಿಳಿ, ಹಿಂದಕ್ಕೆ ಹಳದಿ. ಕಷ್ಟವಿರುವುದು ಕಾನೂನಿನಲ್ಲಿ. ಕಾರು ಯಾರ ಹೆಸರಿನಲ್ಲಿದೆ ಎಂಬ ಕಾಗದ ನೋಡಬೇಕು, ಬಂದವನ ಗುರುತಿನ ಚೀಟಿ ನೋಡಬೇಕು, ಎರಡೂ ಇಲ್ಲದೆ ಒಂದಕ್ಷರ ಒತ್ತುವಂತಿಲ್ಲ. ಜೊತೆಗೆ ಪ್ಲೇಟಿನ ತಳದಲ್ಲಿ, ಮಾಡಿಕೊಟ್ಟ ಅಂಗಡಿಯ ಹೆಸರು ಮತ್ತು ಅಂಚೆ ಸಂಖ್ಯೆ ಸಣ್ಣದಾಗಿ ಇರಲೇಬೇಕು.

ಆ ಅಡಿಬರಹವೆಂದರೆ ಇಡ್ವಾಲನಿಗೆ ಪ್ರಾಣ. ಪೇಟೆಯಲ್ಲಿ ಯಾವುದಾದರೂ ಕಾರಿನ ಹಿಂದೆ ಬಗ್ಗಿ ನೋಡಿ, "ನಮ್ಮದೇ ಕಣೇ," ಎಂದು ನನ್ನ ತೋಳು ಹಿಡಿದು ಎಳೆಯುತ್ತಿದ್ದ. ವೇಲ್ಸಿನ ನಮ್ಮ ಕಣಿವೆಯಲ್ಲಿ ಎಲ್ಲರಿಗೂ ಕಸುಬಿನ ಹೆಸರೇ ಅಡ್ಡಹೆಸರು. ಅಟ್ಟೆ ಇಡ್ವಾಲ್ ಆಗಿದ್ದವನು ವರ್ಷದೊಳಗೆ ನಂಬರ್ ಇಡ್ವಾಲ್ ಆದ. ಬಡ್ತಿ ಸಿಕ್ಕವನ ಹಾಗೆ ಓಡಾಡಿಕೊಂಡಿದ್ದ.

ಟ್ಯಾಮ್ಸಿನ್ ಅಂಗಡಿಗೆ ಬಂದಿದ್ದು ಫೆಬ್ರವರಿಯಲ್ಲಿ. ಮೂವತ್ತರ ಆಸುಪಾಸಿನ ಹುಡುಗಿ, ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವಳು, ಚಳಿಗಾಲದ ಶುರುವಿನಲ್ಲಿ ನಮ್ಮೂರು ಸೇರಿ ಮೀನು-ಚಿಪ್ಸ್ ಅಂಗಡಿಯಲ್ಲಿ ಸಂಜೆ ಕೆಲಸ ಹಿಡಿದಿದ್ದಳು. ಬೆಟ್ಟದ ಮೇಲಿನ ಸಾಲುಮನೆಗಳಲ್ಲಿ ಕೊನೆಯದನ್ನು ಬಾಡಿಗೆಗೆ ತಗೊಂಡಿದ್ದಳು. ಕೇಳಿದ್ದಕ್ಕೆ ನಗುತ್ತಾಳೆ, ಕೇಳದಿದ್ದರೆ ಮಾತಿಲ್ಲ. ಚಾಪೆಲಿನ ಗೋಡೆಗೆ ಕಾರು ಹಿಮ್ಮುಖವಾಗಿ ಗುದ್ದಿಸಿ ಹಿಂದಿನ ಪ್ಲೇಟು ಎರಡು ಹೋಳಾಗಿತ್ತಂತೆ. ನಾನಾಗ ಕೂದಲು ಸೆಟ್ ಮಾಡಿಸಿಕೊಳ್ಳಲು ಹೋಗಿದ್ದೆ. ವಾಪಸು ಬರುವಾಗ ನೋಡಿದರೆ ಇಡ್ವಾಲ್ ರಸ್ತೆಯಲ್ಲಿ ಮಂಡಿಯೂರಿ ಅವಳ ಕಾರಿಗೆ ಹೊಸ ಹಳದಿ ಪ್ಲೇಟು ಬಿಗಿಯುತ್ತಿದ್ದ.

"ಕಾಗದ ನೋಡಿದ್ಯಾ?" ಎಂದೆ ಒಳಗೆ ಬಂದ ಮೇಲೆ.

"ಇರಲಿಲ್ಲ."

"ಇರಲಿಲ್ಲ ಅಂದ್ರೆ?"

"ಕಾರು ಅವಳ ಹೆಸರಲ್ಲಿಲ್ಲ."

ನನ್ನ ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದೆ. ಪರವಾನಗಿ ಹೋಗುತ್ತೆ, ಕೋರ್ಟಿಗೆ ಎಳೀತಾರೆ, ಈ ವಯಸ್ಸಲ್ಲಿ ನಿನಗೆ ಇದು ಬೇಕಿತ್ತಾ ಎಂದೆ. ಅವನು ಸುತ್ತಿಗೆ ಒರೆಸುತ್ತಾ ಎಲ್ಲ ಕೇಳಿಸಿಕೊಂಡ.

"ಒಡೆದ ಪ್ಲೇಟಲ್ಲಿ ಓಡಾಡಿದ್ರೆ ಪೊಲೀಸ್ ಹಿಡೀತಾರೆ. ಹಿಡಿದ್ರೆ ಕಾರು ಯಾರದು ಅಂತ ವಿಚಾರಿಸ್ತಾರೆ. ಯಾರದು ಅಂತ ವಿಚಾರಿಸಿದ್ರೆ ಅವನಿಗೆ ಫೋನ್ ಹೋಗುತ್ತೆ," ಎಂದ.

"ಯಾರಿಗೆ?"

"ಗಂಡನಿಗೆ. ಅವಳ ಬಲಗೈ ನೋಡಿದ್ಯಾ ನೆಸ್ಟಾ? ಮೂರು ಬೆರಳು ಮುರಿದು ಅಡ್ಡಾದಿಡ್ಡಿ ಕೂಡಿಕೊಂಡಿವೆ. ಕಾರಿನ ಬಾಗಿಲ ಸಂದಿಗೆ ಕೈ ಇಟ್ಟು ಬಾಗಿಲು ಹಾಕಿದ್ನಂತೆ."

ಅದಾದ ಮೇಲೆ ನಾನು ಬೈಯಲಿಲ್ಲ. ಪ್ರತಿ ಗುರುವಾರ ವೆಲ್ಶ್ ಕೇಕು ಸುಟ್ಟಾಗ ಅವಳಿಗೂ ನಾಲ್ಕು ಕಟ್ಟಿಕೊಟ್ಟು ಬರುತ್ತಿದ್ದೆ. ಕಾರನ್ನು ಅವಳು ಮನೆಯ ಹಿಂದೆ ಟಾರ್ಪಾಲು ಹೊದಿಸಿ ಇಟ್ಟಿದ್ದಳು. ಅವನು ಬಂದರೆ ಓಡುವುದಕ್ಕೆ ಎಂದಿದ್ದಳು.

ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಅವನು ಬಂದ.

ಕಾಲೊರಸಿಗೆ ಎರಡೂ ಬೂಟು ನೀಟಾಗಿ ಒರೆಸಿ ಒಳಗೆ ಕಾಲಿಟ್ಟ. ನಲವತ್ತರ ಗಂಡಸು, ತಲೆ ಬಾಚಿದ್ದು, ಅಂಗಿ ಇಸ್ತ್ರಿ ಮಾಡಿದ್ದು, ಮೆತ್ತಗಿನ ದನಿ. ನನಗೆ ಮೊದಲು ಇಷ್ಟವೇ ಆದ, ಇರುವುದನ್ನು ಹೇಳಬೇಕಲ್ಲ. ಕಾರಿಗೆ ಎರಡು ಪ್ಲೇಟು ಬೇಕಿತ್ತು ಎಂದು ಕಾರಿನ ಕಾಗದ, ಚಾಲನಾ ಪರವಾನಗಿ ಎರಡನ್ನೂ ಕೌಂಟರಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿಟ್ಟ. ಇಂಥ ಗಿರಾಕಿ ವರ್ಷಕ್ಕೊಬ್ಬ ಬಂದರೆ ಹೆಚ್ಚು ಎಂದುಕೊಂಡೆ.

ಇಡ್ವಾಲ್ ಕನ್ನಡಕ ಏರಿಸಿಕೊಂಡು ನಂಬರು ಒತ್ತತೊಡಗಿದ. ಅರ್ಧಕ್ಕೆ ಅವನ ಬೆರಳು ನಿಂತಿತು. ಕಾಗದ ನೋಡಿದ, ಯಂತ್ರ ನೋಡಿದ, ಮತ್ತೆ ಕಾಗದ ನೋಡಿದ. ಕಾಗದವಿಲ್ಲದೆ ಅವನು ಜೀವಮಾನದಲ್ಲಿ ಮಾಡಿದ್ದು ಒಂದೇ ಪ್ಲೇಟು, ಆ ನಂಬರು ಮರೆಯುವ ಹಾಗಿರಲಿಲ್ಲ. ಅವನ ಕುತ್ತಿಗೆ ಕೆಂಪಗಾಗಿದ್ದು ನೋಡಿ ನನಗೂ ಗೊತ್ತಾಯಿತು.

"ಜೇಗೋ ಅಂತ ನನ್ನ ಹೆಸರು. ಅಲ್ಲೇ ಬರೆದಿದೆ," ಎಂದ ಬಂದವನು. ಜೇಬಿನಿಂದ ಒಂದು ಫೋಟೋ ತೆಗೆದು ಇಟ್ಟ. "ಈ ಹಳದಿ ಪ್ಲೇಟು ನಿಮ್ಮದೇ ಅಲ್ವಾ? ಕೆಳಗೆ ನಿಮ್ಮ ಅಂಗಡಿ ಹೆಸರಿದೆ. ಬಹಳ ಅಚ್ಚುಕಟ್ಟಾಗಿದೆ ಕೆಲಸ."

ಸಮುದ್ರದ ದಂಡೆಯ ಯಾವುದೋ ಕಾರು ನಿಲ್ದಾಣದ ಕ್ಯಾಮೆರಾ ತೆಗೆದ ಚಿತ್ರ. ಹೊತ್ತು ಮೀರಿ ನಿಲ್ಲಿಸಿದರೆ ದಂಡದ ಪತ್ರ ಕಾರು ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ ಹೋಗುತ್ತದೆ. ಈಸ್ಟರ್ ರಜೆಯಲ್ಲಿ ಒಂದೇ ಒಂದು ದಿನ ಸಮುದ್ರ ನೋಡಿ ಬರ್ತೀನಿ ಎಂದು ಟ್ಯಾಮ್ಸಿನ್ ಅದೇ ಕಾರಲ್ಲಿ ಹೋಗಿದ್ದಳು. ಮೂಗು ಕೆಂಪಗೆ ಮಾಡಿಕೊಂಡು, ನನಗೆ ಒಂದು ಶಂಖ ಹಿಡಿದುಕೊಂಡು ಬಂದಿದ್ದಳು. ಚಿತ್ರದಲ್ಲಿ ಪ್ಲೇಟೊಂದನ್ನೇ ಹತ್ತಿರಕ್ಕೆ ತಂದು ತೋರಿಸಿದ್ದರು. ನಮ್ಮ ಹೆಸರು, ನಮ್ಮ ಅಂಚೆ ಸಂಖ್ಯೆ ಸ್ಪಷ್ಟವಾಗಿ ಓದುವಂತಿತ್ತು.

"ಇರಬಹುದು," ಎಂದ ಇಡ್ವಾಲ್.

"ಕಾರು ಕೊಂಡ ದಿನದಿಂದ ಈ ಕಾಗದ ನನ್ನ ಮೇಜಿನ ಡ್ರಾಯರಲ್ಲೇ ಇದೆ. ನೀವು ಯಾವ ಕಾಗದ ನೋಡಿ ಮಾಡಿಕೊಟ್ರಿ?"

ಇಡ್ವಾಲ್ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟ. ಅವನಿಗೆ ಸುಳ್ಳು ಬರುವುದಿಲ್ಲ. ನನಗೆ ಬರುತ್ತದೆ, ಆದರೆ ಆ ಹೊತ್ತಿಗೆ ಒಂದೂ ತೋಚಲಿಲ್ಲ.

"ಹೆದರ್ಕೋಬೇಡಿ. ವಯಸ್ಸಾದವರು ನೀವು, ನಿಮ್ಮನ್ನ ಸಿಕ್ಕಿಸೋಕೆ ನಾನು ಬಂದಿಲ್ಲ. ಸ್ವಾನ್ಸಿಗೆ ಒಂದು ಫೋನ್ ಮಾಡಿದ್ರೆ ಅಂಗಡಿ ಬಾಗಿಲು ಹಾಕಿಸ್ತಾರೆ. ಅದೆಲ್ಲ ಯಾಕೆ? ನನ್ನ ಹೆಂಡತಿ ಎಲ್ಲಿದಾಳೆ ಅಂತ ಹೇಳಿ, ಸಾಕು. ಅವಸರವೇನಿಲ್ಲ. ಪ್ಲೇಟು ನಾಳೆ ಬಂದು ತಗೋತೀನಿ, ಅಷ್ಟರಲ್ಲಿ ಕೂತು ಯೋಚನೆ ಮಾಡಿ."

"ಕಾರು ಕಳುವಾಗಿದ್ರೆ ಪೊಲೀಸಿಗೆ ಹೇಳ್ಬೇಕಿತ್ತು. ನಮ್ಮ ಹತ್ರ ಏನಿದೆ?" ಎಂದೆ ನಾನು.

ಅವನು ನನ್ನ ಕಡೆ ತಿರುಗಿ ನಕ್ಕ. ಒಳ್ಳೆಯ ನಗು.

"ಪೊಲೀಸರು ಹುಡುಕಿದ್ರೆ ಕಾರು ಸಿಗ್ತಿತ್ತು, ಅಷ್ಟೇ ತಾಯಿ."

ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೊರಗೆ ಹೋದ. ಎದುರಿಗೇ ರೀನಾಳ ಕಾಫಿ ಅಂಗಡಿ. ಅವಳ ಅಜ್ಜ ಇಟಲಿಯಿಂದ ಬಂದು ಗಣಿಯವರಿಗೆ ಕಾಫಿ, ಐಸ್‌ಕ್ರೀಮು ಮಾರಿದವನು, ಈಗ ಅವಳು ನಡೆಸುತ್ತಾಳೆ. ಜೇಗೋ ಕಿಟಕಿ ಪಕ್ಕದ ಮೇಜು ಹಿಡಿದು ಕೂತ. ರೀನಾ ಆಗಲೇ ಸೊಂಟದ ಮೇಲೆ ಕೈಯಿಟ್ಟುಕೊಂಡು ಅವನ ಜೊತೆ ಮಾತಿಗೆ ನಿಂತಿದ್ದಳು.

ನನಗೆ ಮೊದಲು ಬಂದದ್ದು ಅಂಗಡಿಯ ಚಿಂತೆ. ಮಾವನ ಹೆಸರು ಬೋರ್ಡಿನ ಮೇಲಿದೆ, ಕೋರ್ಟು ಕಚೇರಿ ಅಂದರೆ ಊರಲ್ಲಿ ತಲೆಯೆತ್ತುವುದು ಹೇಗೆ ಎಂದು. ಆಮೇಲೆ ಆ ಬೆರಳುಗಳು ಕಣ್ಣಿಗೆ ಕಟ್ಟಿ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

"ಹಾಳಾಗಿ ಹೋಗಲಿ ಪರವಾನಗಿ. ಅವಳಿಗೆ ತಿಳಿಸಬೇಕು," ಎಂದೆ.

"ತಿಳಿಸಬೇಕು," ಎಂದ ಇಡ್ವಾಲ್. ಟ್ಯಾಮ್ಸಿನ್ ಹತ್ತಿರ ಫೋನಿರಲಿಲ್ಲ, ಗಂಡ ಅದರ ಜಾಡು ಹಿಡಿಯುತ್ತಾನೆ ಎಂದು ದಾರಿಯಲ್ಲೇ ಹೊಳೆಗೆ ಎಸೆದು ಬಂದವಳು ಅವಳು. ಇದ್ದಿದ್ದರೂ ಇಡ್ವಾಲ್ ಫೋನು ಮಾಡುತ್ತಿರಲಿಲ್ಲ. ನಮ್ಮ ಕಡೆ ಕೆಟ್ಟ ಸುದ್ದಿಯನ್ನು ಯಾರ ಕೈಯಲ್ಲೂ ಹೇಳಿ ಕಳಿಸುವುದಿಲ್ಲ. ಗಣಿ ಕುಸಿದ ದಿನಗಳಿಂದ ಬಂದ ಪದ್ಧತಿ ಅದು. ಗೊತ್ತಿರುವವನೊಬ್ಬ ಕರಿ ಕೋಟು ತೊಟ್ಟು, ಟೋಪಿ ಕೈಯಲ್ಲಿ ಹಿಡಿದು, ರಸ್ತೆ ಮಧ್ಯದಲ್ಲಿ ನಡೆದುಕೊಂಡು ಆ ಮನೆಯ ಬಾಗಿಲಿಗೆ ಹೋಗಬೇಕು. ನನ್ನ ಮಾವ ಅದೆಷ್ಟು ಸಲ ಹಾಗೆ ಹೋಗಿದ್ದರೋ. ಹಿಂದಿನ ಓಣಿಯಿಂದ ಕಳ್ಳನ ಹಾಗೆ ಹೋಗುವುದು ಆ ಮನೆಗೆ ಮಾಡುವ ಅವಮಾನ.

ಇಡ್ವಾಲ್ ಒಳಗೆ ಹೋಗಿ ಕರಿ ಕೋಟು ಹಾಕಿಕೊಂಡು ಬಂದ. ಗುಂಡಿ ನಾನೇ ಹಾಕಿದೆ. "ಬೇಗ ಹೋಗಿ ಬಾ," ಎಂದೆ. ಹಿಂದಿನ ಓಣಿ ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಎದುರು ಕಿಟಕಿಯಲ್ಲಿ ಜೇಗೋ ಕೂತಿದ್ದಾನೆ ಎಂಬುದು ಗೊತ್ತಿದ್ದೂ ಹೊಳೆಯಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಇಡ್ವಾಲ್ ಅಂಗಡಿಯ ಮುಂಬಾಗಿಲಿಂದಲೇ ಹೊರಟ.

ನಾನು ಒಂದು ಹಿಮ್ಮಡಿಗೆ ಮೊಳೆ ಹೊಡೆಯಲು ಕೂತೆ. ಅರ್ಧ ಮುಗಿಸಿ ತಲೆಯೆತ್ತಿದಾಗ ರೀನಾಳ ಕಿಟಕಿಯಲ್ಲಿ ಕಾಫಿ ಲೋಟವಿತ್ತು, ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಕುರ್ಚಿ ಖಾಲಿಯಿತ್ತು.

ಆಗ ಅರ್ಥವಾಯಿತು. ಅವನಿಗೆ ನಾವು ಬಾಯಿಬಿಡುವುದು ಬೇಕಿರಲಿಲ್ಲ. ಊರಲ್ಲಿ ಯಾರನ್ನಾದರೂ ಕೇಳಿದ್ದರೆ ಸುದ್ದಿ ಅವನಿಗಿಂತ ಮೊದಲು ಬೆಟ್ಟ ಹತ್ತುತ್ತಿತ್ತು, ಅದಕ್ಕೇ ಅವನು ಯಾರನ್ನೂ ಕೇಳಲಿಲ್ಲ. ನಮ್ಮನ್ನು ಹೆದರಿಸಿ, ಎದುರಿಗೆ ಕೂತು, ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಕಾದ. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ ಎಂದುಕೊಂಡು ಬಾಗಿಲು ಕೂಡ ಹಾಕದೆ ಓಡಿದೆ. ನನ್ನ ಮಂಡಿಗೆ ಓಟ ಎಲ್ಲಿ ಬರಬೇಕು. ಏದುಸಿರು ಬಿಡುತ್ತಾ, ಗೋಡೆ ಹಿಡಿದು ಹಿಡಿದು ಹತ್ತಿದೆ.

ಸಾಲುಮನೆಗಳ ಬೀದಿ ತಲುಪುವಾಗ ಹೆಂಗಸರೆಲ್ಲ ತಂತಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಕರಿ ಕೋಟಿನವನು ಟೋಪಿ ಕೈಯಲ್ಲಿ ಹಿಡಿದು ಬಂದರೆ ಯಾರ ಮನೆ ಮುಂದೆ ನಿಲ್ಲುತ್ತಾನೆ ಎಂದು ನೋಡುವುದು ಅವರ ಅಜ್ಜಿಯರ ಕಾಲದ ರೂಢಿ. ಒಬ್ಬಳ ಕೈಯಲ್ಲಿ ಹಿಟ್ಟಿತ್ತು, ಇನ್ನೊಬ್ಬಳ ಕಂಕುಳಲ್ಲಿ ಒಗೆದ ಬಟ್ಟೆಯಿತ್ತು. ಇಡ್ವಾಲ್ ಕೊನೆಯ ಮನೆಯ ಮೆಟ್ಟಿಲ ಮೇಲಿದ್ದ, ಟ್ಯಾಮ್ಸಿನ್ ಬಾಗಿಲು ತೆರೆದಿದ್ದಳು. ಅವಳು ಇಡ್ವಾಲನನ್ನು ನೋಡುತ್ತಿರಲಿಲ್ಲ. ಅವನ ಹೆಗಲಾಚೆ ನೋಡುತ್ತಿದ್ದಳು.

ಜೇಗೋ ಜೇಬಿನಲ್ಲಿ ಕೈಯಿಟ್ಟುಕೊಂಡು ಪ್ರತಿ ಬಾಗಿಲಿನವರಿಗೂ ತಲೆಬಾಗುತ್ತಾ ಬೀದಿಯುದ್ದಕ್ಕೂ ನಡೆದು ಬಂದ. ಇಡ್ವಾಲ್ ಅವನನ್ನು ನೋಡಿದಾಗ ಕೈಯಿಂದ ಟೋಪಿ ಬಿತ್ತು.

"ಚೆನ್ನಾಗಿದೀಯಾ ಟ್ಯಾಮ್ಸಿನ್?" ಎಂದ ಜೇಗೋ. "ಕೂದಲು ಕತ್ತರಿಸ್ಕೊಂಡಿದೀಯ."

ಅವಳು ಓಡಲಿಲ್ಲ. ಇಡ್ವಾಲನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಇವನಿಗೆ ಮನೆ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು.

"ನಾನೇ ಕರ್ಕೊಂಡು ಬಂದೆ ಕಂದಾ," ಎಂದ ನನ್ನ ಗಂಡ. ಅಷ್ಟು ಹೇಳಿ ಮೆಟ್ಟಿಲ ಮೇಲೆ ಕುಕ್ಕರಿಸಿದ.

ನಾನು ಹೋಗಿ ಅವಳ ಮುಂದೆ ನಿಂತೆ. ಉಸಿರು ಸಿಗುತ್ತಿರಲಿಲ್ಲ, ಆದರೂ ನಿಂತೆ. ಪಕ್ಕದ ಮನೆಯವಳು ಬಟ್ಟೆ ಕೆಳಗಿಟ್ಟು ಬಂದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಏನು, ಎತ್ತ ಎಂದು ಯಾರಿಗೂ ಗೊತ್ತಿಲ್ಲದಿದ್ದರೂ ಬಂದು ನಿಂತರು. ಜೇಗೋ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ, ಒಬ್ಬೊಬ್ಬರನ್ನೂ ನೆನಪಿಟ್ಟುಕೊಳ್ಳುವವನ ಹಾಗೆ.

"ನಾನು ಜಗಳಕ್ಕೆ ಬಂದಿಲ್ಲ. ಅಲ್ಲಿ ಹಿಂದೆ ಟಾರ್ಪಾಲಿನ ಕೆಳಗಿಂದ ಚಕ್ರ ಕಾಣ್ತಿರೋದು ನನ್ನ ಕಾರು. ತಗೊಂಡು ಹೋಗ್ತೀನಿ, ಅಷ್ಟೇ. ಕಾಗದ ಇವರು ನೋಡಿದಾರೆ," ಎಂದು ನನ್ನನ್ನು ತೋರಿಸಿದ.

"ಕೊಟ್ಟು ಕಳಿಸು. ಪೀಡೆ ತೊಲಗಲಿ," ಎಂದೆ ನಾನು. ಟ್ಯಾಮ್ಸಿನ್ ಕೋಟಿನ ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಅವನ ಕಾಲ ಬಳಿ ಎಸೆದಳು. ಕೆಂಪು ಉಣ್ಣೆಯ ಕುಚ್ಚು ಕಟ್ಟಿದ್ದ ಗೊಂಚಲು. ಅವನು ಬಗ್ಗಿ ಎತ್ತಿಕೊಂಡ, ಊದಿ ಧೂಳು ತೆಗೆದ.

"ಇನ್ನು ನಡ್ಕೊಂಡು ಎಷ್ಟು ದೂರ ಹೋಗ್ತೀಯಾ ನೀನು?" ಎಂದು ಅವಳನ್ನು ಕೇಳಿ ಮನೆಯ ಹಿಂದಕ್ಕೆ ಹೋದ. ಕಾರು ಇಳಿಜಾರಿನಲ್ಲಿ ಇಳಿದು ಹೋಗುವ ತನಕ ನಾವು ಯಾರೂ ಅಲುಗಾಡಲಿಲ್ಲ.

ಪೊಲೀಸಿಗೆ ಫೋನು ಮಾಡಿದೆ. ಫೋನು ಎತ್ತಿದ ಹುಡುಗ ಬಹಳ ಸೌಜನ್ಯದವನು, ಆ ಸೌಜನ್ಯಕ್ಕೆ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಹೊಡೆದನಾ ಮೇಡಂ? ಇಲ್ಲ. ಬೆದರಿಸಿದನಾ? ನಗುತ್ತಾ ಮಾತಾಡಿದ. ಕಾರು ಯಾರದು? ಅವನದೇ. ದೂರ ಇರಬೇಕು ಅಂತ ಕೋರ್ಟಿನ ಆದೇಶ ಇದೆಯಾ? ಇತ್ತು, ಮೊನ್ನೆ ಮಾರ್ಚಿನಲ್ಲಿ ಅವಧಿ ಮುಗಿಯಿತು, ಮುಂದುವರಿಸಲು ಅರ್ಜಿ ಕೊಟ್ಟರೆ ವಿಳಾಸ ಹೊರಬೀಳುತ್ತದೆಂದು ಅವಳು ಕೊಡಲಿಲ್ಲ. ಬರೆದುಕೊಂಡಿದ್ದೀನಿ ಮೇಡಂ, ಏನಾದರೂ ನಡೆದರೆ ತಕ್ಷಣ ಫೋನ್ ಮಾಡಿ ಎಂದ. ಏನಾದರೂ ನಡೆದ ಮೇಲೆ ಫೋನು ಮಾಡುವವರು ಯಾರು ಎಂದು ಕೇಳಿ ರಿಸೀವರು ಕುಕ್ಕಿದೆ.

ಅವಳನ್ನು ನಮ್ಮ ಮನೆಗೆ ಕರೆತಂದೆವು. ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಬಾಗಿಲು ಎಳೆದುಕೊಂಡು ಬಂದಳು, ಅದು ಎಳೆದರೆ ತಾನೇ ಬೀಗ ಬೀಳುವ ಬಾಗಿಲು, ಬೀಗದ ಕೈ ಯಾರಿಗೂ ನೆನಪಾಗಲಿಲ್ಲ. ಇಡ್ವಾಲ್ ಊಟದ ಹೊತ್ತಿನಲ್ಲಿ ತಟ್ಟೆಯಿಂದ ತಲೆಯೆತ್ತಲಿಲ್ಲ.

"ನಿಮ್ಮ ತಪ್ಪಲ್ಲ," ಎಂದಳು ಅವಳು. "ಅವನು ಹಾಗೇ. ಒಳ್ಳೆಯವರು ಏನು ಮಾಡ್ತಾರೆ ಅಂತ ಅವನಿಗೆ ಮೊದಲೇ ಗೊತ್ತಿರುತ್ತೆ."

"ನಾಳೆ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ನಮ್ಮ ವ್ಯಾನಲ್ಲಿ ನಿನ್ನನ್ನ ಬಿಟ್ಟು ಬರ್ತೀವಿ. ಎಲ್ಲಿಗೆ ಹೇಳ್ತೀಯೋ ಅಲ್ಲಿಗೆ," ಎಂದೆ.

"ಎಲ್ಲಿಗೆ ಅಂತ ಹೇಳಲಿ?" ಎಂದಳು.

ಮರುದಿನ ಅವಳನ್ನು ಮನೆಯಲ್ಲಿ ಒಬ್ಬಳೇ ಬಿಡಲು ಮನಸ್ಸಾಗಲಿಲ್ಲ. ಅಂಗಡಿಗೇ ಕರೆದುಕೊಂಡು ಬಂದು ಪರದೆಯ ಹಿಂದಿನ ಕೋಣೆಯಲ್ಲಿ ಚಹಾ ಕೊಟ್ಟು ಕೂರಿಸಿದೆ. ಪ್ಲೇಟುಗಳನ್ನು ಇಡ್ವಾಲ್ ಬೆಳಿಗ್ಗೆಯೇ ಒತ್ತಿಟ್ಟಿದ್ದ. ಕಾಗದ ಸರಿಯಿದೆ, ನಿನ್ನೆಯೇ ದುಡ್ಡು ಇಟ್ಟು ಹೋಗಿದ್ದಾನೆ, ಮಾಡಿಕೊಡದೆ ವಿಧಿಯಿಲ್ಲ.

ಹತ್ತು ಗಂಟೆಗೆ ಜೇಗೋ ಬಂದ. ಕಾಲೊರಸಿಗೆ ಬೂಟು ಒರೆಸಿದ. ಪ್ಲೇಟುಗಳನ್ನು ಬೆಳಕಿಗೆ ಹಿಡಿದು, ಅಡಿಬರಹದ ಮೇಲೆ ಹೆಬ್ಬೆರಳು ಆಡಿಸಿ, ಚೆನ್ನಾಗಿದೆ ಎಂದ. ಇನ್ನು ಹೋಗುತ್ತಾನೆ ಎಂದುಕೊಳ್ಳುವಷ್ಟರಲ್ಲಿ ಜೇಬಿನಿಂದ ಕೆಂಪು ಕುಚ್ಚಿನ ಗೊಂಚಲು ತೆಗೆದ. ಕಾರಿನ ಕೀಲಿಯ ಪಕ್ಕದಲ್ಲಿದ್ದ ಒಂದು ಸಣ್ಣ ಹಿತ್ತಾಳೆಯ ಬೀಗದ ಕೈ ಬಿಡಿಸಿ ಕೌಂಟರಿನ ಮೇಲಿಟ್ಟ.

"ಇದಕ್ಕೊಂದು ನಕಲು ಮಾಡಿಕೊಡಿ," ಎಂದ. "ಯಾವ ಬಾಗಿಲಿಂದೋ ಗೊತ್ತಿಲ್ಲ. ಇದಕ್ಕೆ ಕಾಗದ ಏನೂ ತೋರಿಸಬೇಕಾಗಿಲ್ಲ ಅಲ್ವಾ?"

ಪರದೆಯ ಹಿಂದೆ ಲೋಟ ತಟ್ಟೆಗೆ ತಾಗಿದ ಸದ್ದಾಯಿತು. ನಾನು ಕೆಮ್ಮಿದೆ. ಅವನು ಪರದೆಯ ಕಡೆ ನೋಡಲೂ ಇಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಅವನು ಹೇಳಿದ್ದು ನಿಜ. ಕಾರಿನ ಹಿಂದೆ ತಗುಲಿಸುವ ಒಂದು ತುಂಡು ಪ್ಲಾಸ್ಟಿಕ್ಕಿಗೆ ಇಷ್ಟು ಕಾನೂನು. ಹೆಂಗಸೊಬ್ಬಳು ಮಲಗುವ ಮನೆಯ ಬೀಗದ ಕೈಗೆ ಯಾರೂ ಏನೂ ಕೇಳುವುದಿಲ್ಲ. ಇಷ್ಟು ವರ್ಷ ಕೊರೆದಿದ್ದೇವೆ, ಒಂದು ದಿನವೂ ಇದು ನನಗೆ ಹೊಳೆದಿರಲಿಲ್ಲ.

ಇಡ್ವಾಲ್ ಬೀಗದ ಕೈ ಎತ್ತಿಕೊಂಡ. ಜೇಗೋನ ಮುಖವನ್ನೇ ನೋಡುತ್ತಾ ಅದನ್ನು ಇಕ್ಕುಳಕ್ಕೆ ಸಿಕ್ಕಿಸಿ, ಸುತ್ತಿಗೆಯಿಂದ ಒಂದೇ ಏಟಿಗೆ ಮುರಿದ. ನನ್ನ ಗಂಡನ ಕೈಯಲ್ಲಿ ಅಂಥ ಸಿಟ್ಟು ನಾನು ನೋಡಿದ್ದು ಅದೇ ಮೊದಲು.

"ಸ್ವಾನ್ಸಿಗೆ ಫೋನ್ ಮಾಡ್ಕೋ ಹೋಗು. ಯಾರಿಗೆ ಬೇಕಾದ್ರೂ ಮಾಡ್ಕೋ," ಎಂದ.

"ಯಾಕೆ ಮಾಡಲಿ? ನೀವು ನನಗೆ ಇಷ್ಟು ಉಪಕಾರ ಮಾಡಿದೀರಿ," ಎಂದ ಜೇಗೋ. "ಮುರಿದಿರಲ್ಲ, ಅದೇ ನಕಲು, ಅಸಲಿ ನನ್ನ ಜೇಬಲ್ಲಿದೆ. ಕೆಳಗಿನ ಊರಲ್ಲಿ ಬೆಳಿಗ್ಗೆ ಮಾಡಿಸಿದೆ. ಅಲ್ಲೂ ಏನೂ ಕೇಳಲಿಲ್ಲ." ಪ್ಲೇಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಸದ್ದಿಲ್ಲದೆ ಬಾಗಿಲೆಳೆದುಕೊಂಡು ಹೋದ.

ಇಡ್ವಾಲ್ ಹೊಸ ಬೀಗ, ತಿರುಪುಳಿ ಚೀಲಕ್ಕೆ ಹಾಕತೊಡಗಿದ. ಈಗಲೇ ಹೋಗಿ ಆ ಬಾಗಿಲಿಗೆ ಬೇರೆ ಬೀಗ ಹಾಕ್ತೀನಿ ಎಂದ. ಅಷ್ಟರಲ್ಲಿ ರಸ್ತೆ ದಾಟಿಕೊಂಡು ರೀನಾ ಬಂದಳು, ಕೈಯಲ್ಲಿ ಬಿಸಿ ಬನ್ನಿನ ತಟ್ಟೆ, ಮುಖದ ತುಂಬ ನಗು.

"ನೆಸ್ಟಾ, ಸಾಲುಮನೆ ಬೀದಿ ಗಲಾಟೆ ಎಲ್ಲ ಕೇಳಿದೆ. ಪಾಪ ಕಣೇ, ಆ ಜೇಗೋ ಎಷ್ಟು ತಾಳ್ಮೆಯವನು ಗೊತ್ತಾ. ಒಂದು ಕೆಟ್ಟ ಮಾತು ಬರಲಿಲ್ಲ ಬಾಯಲ್ಲಿ. ಅವಳು ಮನಸ್ಸು ಬದಲಾಯಿಸೋ ತನಕ ಎಷ್ಟು ದಿನ ಆದ್ರೂ ಕಾಯ್ತೀನಿ ಅಂದ. ನನಗೆ ಕಣ್ಣಲ್ಲಿ ನೀರೇ ಬಂತು."

"ರೀನಾ," ಎಂದೆ.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ. ನಾವು ನಾಲ್ಕು ಜನ ಕೂಡಿಸೋದು ಬಿಟ್ಟು ಅಡ್ಡ ನಿಲ್ಲಬಾರ್ದು. ಅದಕ್ಕೇ ನಮ್ಮ ಮೇಲಿನ ರೂಮು ಕೊಟ್ಟೆ ಅವನಿಗೆ. ಅಮ್ಮ ಹೋದ ಮೇಲೆ ಖಾಲಿ ಬಿದ್ದಿತ್ತು. ವರ್ಷಕ್ಕೆ ಅಂತ ಹಿಡಿದಿದಾನೆ. ಈಗ ಸಾಮಾನು ಇಡ್ತಿದಾನೆ."

ಪರದೆ ಸರಿಯಿತು. ಟ್ಯಾಮ್ಸಿನ್ ಬಾಗಿಲಲ್ಲಿ ನಿಂತಿದ್ದಳು, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ರೀನಾಳಿಗೆ ಒಂದು ಕ್ಷಣ ನಾಚಿಕೆಯಾಯಿತು, ಆಮೇಲೆ ಬನ್ನಿನ ತಟ್ಟೆ ಅವಳ ಮುಂದೆ ಹಿಡಿದಳು.

"ಆ ರೂಮಿನ ಕಿಟಕಿ ಯಾವ ಕಡೆಗಿದೆ?" ಎಂದು ಕೇಳಿದಳು ಟ್ಯಾಮ್ಸಿನ್.

"ಎರಡಿವೆ ಕಣಮ್ಮ," ಎಂದಳು ರೀನಾ. "ಒಂದು ಈ ಅಂಗಡಿ ಕಡೆಗೆ, ಇನ್ನೊಂದು ಮೇಲೆ ನಿನ್ನ ಮನೆ ಕಡೆಗೆ. ಒಳ್ಳೇ ಬೆಳಕು ಬರುತ್ತೆ."